ದೇವರ ಮನೆಯಲ್ಲಿದ್ದ ಸರಪಳಿ

ಹುಸೇನಣ್ಣ, ಆ ಸರಪಳಿ ನಿಮ್ಮ ಗ್ಯಾರೇಜಿನಲ್ಲಿ ಉಳಿದಿರಲಿಲ್ಲ. ನಮ್ಮ ದೇವರ ಮನೆಯಲ್ಲಿತ್ತು. ಅಲ್ಲಿ ಇಟ್ಟವಳು ನಾನು. ಕೇಳಿದಾಗ ನೋಡಿಲ್ಲ ಎಂದವಳು ನಾನು. ನಿಮ್ಮ ಹೆಸರು ಹೇಳಿದವಳೂ ನಾನೇ.

ಇದನ್ನು ನಿಮ್ಮ ಕಿವಿಗಷ್ಟೇ ಹೇಳಿ ಮುಗಿಸಬಹುದಿತ್ತು. ಆದರೆ ನೀವು ಮಾತು ಅನ್ನಿಸಿಕೊಂಡದ್ದು ಓಣಿಯ ಜನರ ಮುಂದೆ. ಹಾಗಾಗಿ ಇದೂ ಜನ ಓದುವಂತೆಯೇ ಇರಲಿ. ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ — ಓದುವವರಿಗೆ ಗೊತ್ತಾಗಬೇಕಲ್ಲ. ನಾನು ಕಂಪ್ಲಿಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಚೆಂದ ಮಾಡಿ ಹೇಳಲು ಬರುವುದಿಲ್ಲ. ಆದದ್ದನ್ನು ಆದ ಹಾಗೆ ಹೇಳಲು ಬರುತ್ತದೆ.

ನಮ್ಮ ಮನೆಯವರು, ಮಲ್ಲಿಕಾರ್ಜುನ, ಗಣಿಯ ಸ್ಟಾಫ್ ಬಸ್ಸಿನ ಡ್ರೈವರ್ ಆಗಿದ್ದರು. ಹೊಸಪೇಟೆಯಿಂದ ದೋಣಿಮಲೈಗೆ ಹೋಗುವುದು, ಬರುವುದು. ಅದಿರಿನ ಭರಾಟೆಯ ವರ್ಷಗಳು ಅವು. ಟಿಪ್ಪರಿನ ಹಿಂದೆ ಟಿಪ್ಪರು. ರಸ್ತೆ ಬದಿಯ ಬೇವಿನ ಎಲೆ ಕೆಂಪು, ಒಣಹಾಕಿದ ಪಂಚೆ ಕೆಂಪು, ಮುಚ್ಚಿಟ್ಟ ಹಾಲಿನ ಮೇಲೂ ಕೆಂಪು ಕೆನೆ. ಒಂದು ದಿನ ಅವರ ಬಸ್ಸಿನ ಎದುರಿಗೇ ಒಂದು ಟಿಪ್ಪರ್ ಮಗುಚಿತು. ಡ್ರೈವರ್ ಕ್ಯಾಬಿನ್ನಿನಲ್ಲಿ ಸಿಕ್ಕಿಕೊಂಡು, ನೀರು ಕೇಳುತ್ತ ಕೇಳುತ್ತ, ಎಲ್ಲರ ಕಣ್ಣೆದುರಿಗೇ ಹೋಗಿಬಿಟ್ಟ. ಅವತ್ತು ಇವರು ಮನೆಗೆ ಬಂದು ಊಟಕ್ಕೆ ಕೂರಲಿಲ್ಲ.

“ಬಸ್ ತುಂಬ ಫಿಟ್ಟರ್ರು, ಇಂಜಿನಿಯರ್ರು. ಯಾರ ಹತ್ರಾನೂ ಒಂದು ಹಾರಿ ಇದ್ದಿಲ್ಲ ನೀಲಾ. ಬರಿಗೈಲೆ ನಿಂತು ನೋಡಿದ್ವಿ” ಅಂದರು.

ಆ ಬರಿಗೈ ಅವರನ್ನು ಬಿಡಲಿಲ್ಲ. ಹಳೆಯ ಜೀಪೊಂದನ್ನು ತಂದು ನಿಮ್ಮ ಗ್ಯಾರೇಜಿನ ಮುಂದೆ ನಿಲ್ಲಿಸಿದರು. ನಾಲ್ಕೂ ಗಾಲಿಗೆ ಇಂಜಿನ್ನಿನ ಬಲ ಸಿಗುವ ಜೀಪು. ಗುಂಡಿ, ಹಳ್ಳ, ಗುಡ್ಡದ ಕಚ್ಚಾ ದಾರಿ ಯಾವುದಕ್ಕೂ ಹೆದರದ್ದು. ಬಾಲ್ಯದಿಂದ ನೀವಿಬ್ಬರೂ ಗೆಳೆಯರು. ಡ್ಯೂಟಿ ಮುಗಿಸಿ ಇವರು ಬರುವುದು, ನೀವು ಅಂಗಡಿಯ ಕೆಲಸ ಬದಿಗಿಟ್ಟು ಬೆಸುಗೆ ಹಿಡಿಯುವುದು. ಮುಂದೆ ದಪ್ಪ ಕಬ್ಬಿಣದ ಬಂಪರ್. ಹಾರೆಗೊಂದು ಜಾಗ, ಜಾಕಿಗೊಂದು, ನೀರಿನ ಕ್ಯಾನಿಗೊಂದು, ಗರಗಸ, ಟಾರ್ಪಾಲು, ಔಷಧದ ಪೆಟ್ಟಿಗೆ — ಒಂದೊಂದಕ್ಕೂ ಕ್ಲಾಂಪು. ಕಣ್ಣು ಮುಚ್ಚಿ ಕೈ ಹಾಕಿದರೂ ಬೇಕಾದದ್ದು ಸಿಗಬೇಕು ಎಂಬುದು ಇವರ ಹಟ. ಸರಪಳಿಗೆ ಮಾತ್ರ ಹಿಂದಿನ ಸೀಟಿನ ಕೆಳಗೆ ಮುಚ್ಚಳವಿರುವ ಪೆಟ್ಟಿಗೆ ಮಾಡಿದಿರಿ. ಅದರ ಕೆಲಸವೇ ದೊಡ್ಡದು. ಜಜ್ಜಿಹೋದ ಕ್ಯಾಬಿನ್ನಿಗೆ ಒಂದು ತುದಿ, ಜೀಪಿಗೆ ಒಂದು ತುದಿ ಕಟ್ಟಿ ಹಿಂದಕ್ಕೆ ಎಳೆದರೆ ಒಳಗಿನವನಿಗೆ ಕಾಲು ಬಿಡಿಸಿಕೊಳ್ಳುವಷ್ಟು ಸಂದಿಯಾಗುತ್ತದೆ.

ಸ್ಟ್ರೆಚರ್ ಹೊಲಿದವಳು ನಾನು. ತವರಿನ ಅಕ್ಕಿ ಗಿರಣಿಯ ಗೋಣಿ, ಮಂಚದ ನವಾರ. ಅದನ್ನು ಕೊಡಲು ಬಂದಾಗ ನೀವು ನಕ್ಕಿದ್ದಿರಿ.

“ಲೇ ಮಲ್ಲಣ್ಣ, ಇದು ಜೀಪಲ್ಲಲೇ, ಲಗ್ನದ ಮನಿ ಉಗ್ರಾಣ! ಇನ್ನೊಂದು ಒಲಿ ಇಟ್ಟು ಅಕ್ಕನ್ನೂ ಕುಂದ್ರಿಸಿಬಿಡು, ಹಾದ್ಯಾಗ ಬಿಸಿ ರೊಟ್ಟಿ.”

“ನಿನಗ ರೊಟ್ಟೀದ ಚಿಂತಿ” ಎಂದು ಇವರು ನಿಮ್ಮ ಬೆನ್ನಿಗೆ ಗುದ್ದಿದ್ದರು.

ಆ ಜೀಪು ಎಷ್ಟೋ ಜನರನ್ನು ಉಳಿಸಿತು. ಈ ಮಾತನ್ನು ನಾನು ಅಳುಕಿಲ್ಲದೆ ಬರೆಯುತ್ತೇನೆ. ಅದರಲ್ಲಿ ಅರ್ಧ ಪುಣ್ಯ ನಿಮ್ಮದು.

ಇನ್ನು ಆ ಮಹಾನವಮಿ.

ಹಬ್ಬಕ್ಕೆ ಮೊದಲು ಸರಪಳಿಯ ಕೊಕ್ಕೆ ಸೀಳಿತ್ತು. ನೀವು ಹೊಸ ಕೊಕ್ಕೆ ಬೆಸೆದು ಜೀಪನ್ನು ಮನೆಗೆ ತಂದು ಬಿಟ್ಟಿರಿ. ಇವರು ಡ್ಯೂಟಿಯ ಮೇಲಿದ್ದರು. ನೀವು ಸರಪಳಿಯನ್ನು ಪೆಟ್ಟಿಗೆಯಲ್ಲಿ ಸುತ್ತಿ ಇಟ್ಟದ್ದನ್ನು, ಮುಚ್ಚಳ ಹಾಕಿದ್ದನ್ನು ನೋಡಿದವಳು ನಾನೊಬ್ಬಳೇ. ಚಹಾ ಕುಡಿದು ಲೋಟ ನನ್ನ ಕೈಗೆ ಕೊಟ್ಟು ಹೋದಿರಿ.

ಆಯುಧ ಪೂಜೆಗೆ ಇವರು ಮೊದಲೇ ಹೇಳಿದ್ದರು: “ಜೀಪಿನ ಸಾಮಾನು ಕೆಳಗ ಇಳಸಬ್ಯಾಡ. ಜೀಪಿಗೇ ಕಾಯಿ ಒಡಿ, ಗಾಲಿಗೆ ನಿಂಬಿಹಣ್ಣು ಇಡು, ಮುಗೀತು. ಈ ಆಯುಧಕ್ಕ ರಜಾ ಇಲ್ಲ.” ನಾನು ಆಯಿತು ಎಂದಿದ್ದೆ. ಆದರೆ ನನ್ನ ತವರಿನಲ್ಲಿ ನೇಗಿಲು, ಕುಡುಗೋಲು, ತಕ್ಕಡಿ ಎಲ್ಲವೂ ನವಮಿಗೆ ದೇವರ ಮುಂದೆ ಬರುತ್ತಿದ್ದವು. ದಶಮಿಗೆ ಮರುಪೂಜೆಯಾಗದೆ ಯಾರೂ ಮುಟ್ಟುವಂತಿರಲಿಲ್ಲ. ಹೊಸದಾಗಿ ಬೆಸೆದ ಆಯುಧವಂತೂ ಪೂಜೆ ಇಲ್ಲದೆ ಕೆಲಸಕ್ಕೆ ಹೋಗಲೇಬಾರದು ಎನ್ನುತ್ತಿದ್ದಳು ನಮ್ಮವ್ವ. ಎಳೆಯುವಾಗ ಸರಪಳಿ ಹರಿದರೆ ಪಕ್ಕದಲ್ಲಿ ನಿಂತವನ ಎದೆಗೆ ಬಡಿಯುತ್ತದೆ ಎಂದು ಕೇಳಿದ್ದೆ. ಪಕ್ಕದಲ್ಲಿ ನಿಲ್ಲುವವರು ಇವರು. ಇದನ್ನು ನೆಪವಾಗಿ ಹೇಳುತ್ತಿಲ್ಲ — ನೆಪವಾಗಿ ಹೇಳುವುದಾಗಿದ್ದರೆ ಅವತ್ತೇ ಹೇಳುತ್ತಿದ್ದೆ.

ಇವರು ಸ್ನಾನಕ್ಕೆ ಹೋದಾಗ ಮುಚ್ಚಳ ತೆರೆದೆ. ಸರಪಳಿಯನ್ನು ಸೆರಗಿನಲ್ಲಿ ಸುತ್ತಿ, ಸೊಂಟಕ್ಕೆ ಆನಿಸಿ, ಸದ್ದಾಗದಂತೆ ಒಳಗೆ ಒಯ್ದೆ. ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿ, ದೇವರ ಮನೆಯ ಬಾಗಿಲು ಎಳೆದುಕೊಂಡೆ. ಪೆಟ್ಟಿಗೆಯ ಮುಚ್ಚಳ ಮುಚ್ಚಿದೆ. ನಾಳೆ ಮರುಪೂಜೆ ಮಾಡಿ ಇಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡೆ.

ಮಧ್ಯಾಹ್ನ ಹೋಳಿಗೆ ಊಟದ ನಡುವೆ ಫೋನ್ ಬಂತು. ಸಂಡೂರು ಘಟ್ಟದ ತಿರುವಿನಲ್ಲಿ ಅದಿರಿನ ಟಿಪ್ಪರ್ ಬಂಡೆಗೆ ಬಡಿದಿದೆ, ಡ್ರೈವರಿನ ಕಾಲು ಸಿಕ್ಕಿಕೊಂಡಿದೆ. ಇವರು ಎಲೆ ಬಿಟ್ಟು ಎದ್ದರು. ಜೀಪು ಹತ್ತಿ ಕೇಳಿದರು: “ಎಲ್ಲಾ ಐತಲ್ಲ?”

ನಾನು ಬಾಗಿಲಲ್ಲಿದ್ದೆ. ದೇವರ ಮನೆಗೆ ನಾಲ್ಕು ಹೆಜ್ಜೆ. ಪೂಜೆಗಿಟ್ಟದ್ದನ್ನು ದಶಮಿಗೆ ಮುಂಚೆ ಎತ್ತಬೇಕು — ಎತ್ತಿದರೆ ಇವರಿಗೇನಾದರೂ... ಅದೂ ಅಲ್ಲದೆ, ಬೇಡ ಎಂದದ್ದನ್ನು ಮಾಡಿದ್ದೇನೆಂದು ಗೊತ್ತಾಗುತ್ತದೆ. ಹಗ್ಗ ಇದೆಯಲ್ಲ. ಎಷ್ಟೋ ಸಲ ನೀರು, ಸ್ಟ್ರೆಚರ್ ಇದ್ದರೆ ಸಾಕಾಗಿತ್ತಲ್ಲ —

“ಎಲ್ಲಾ ಐತ್ರಿ” ಎಂದೆ.

ಅವರು ನಂಬಿದರು. ಮುಚ್ಚಳ ತೆರೆದು ನೋಡದೆ ಹೋದರು.

ಬಂದಾಗ ಸಂಜೆಯಾಗಿತ್ತು. ಅಂಗಿಯ ಮೇಲೆ ಅದಿರಿನ ಕೆಂಪು ಯಾವುದು, ರಕ್ತ ಯಾವುದು ತಿಳಿಯದಂತಿತ್ತು. ಕೈಯಲ್ಲಿ ಹರಿದ ಹಗ್ಗದ ತುಂಡು. ಮೆಟ್ಟಿಲ ಮೇಲೆ ಕೂತರು.

“ಪೆಟಗ್ಯಾಗ ಸರಪಳಿ ಇದ್ದಿಲ್ಲ ನೀಲಾ. ಹಗ್ಗ ಕಟ್ಟಿದಷ್ಟೂ ಹರೀತು. ಲೋಡರ್ ಕರಸೂಣು ಅಂದ್ರ ಇವತ್ತ ಎಲ್ಲಾ ಮಷೀನಿಗೆ ಮಾಲಿ ಹಾಕಿ ನಿಲ್ಸ್ಯಾರ, ಆಪರೇಟರ್ ಊರಿಗೆ ಹೋಗ್ಯಾನ. ಅವ ಬರೂತನಕ ಆ ಹುಡುಗನ ಕಾಲು ಅಲ್ಲೇ...” ಮಾತು ನಿಲ್ಲಿಸಿ ನನ್ನ ಮುಖ ನೋಡಿದರು. “ಸರಪಳಿ ನೀ ಎಲ್ಲ್ಯಾರ ನೋಡೀ ಏನು?”

“ಇಲ್ರಿ” ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. “ಹುಸೇನಣ್ಣ ಹುಕ್ಕು ಹಾಕಾಕ ತಗೊಂಡಿದ್ರಲ್ಲ, ಅಲ್ಲೇ ಉಳದಿರಬೇಕು” ಎಂದೆ.

ನನ್ನನ್ನು ಯಾರೂ ಒತ್ತಾಯಿಸಿರಲಿಲ್ಲ. ಆ ಮಾತು ತಾನಾಗಿ, ಸರಾಗವಾಗಿ ಬಂತು. ಇವತ್ತಿಗೂ ನನ್ನನ್ನು ಹೆದರಿಸುವುದು ಅದು ಬಂದ ಆ ಸರಾಗವೇ.

ಮರುದಿನ ದಶಮಿ. ಬಳ್ಳಾರಿಯ ಆಸ್ಪತ್ರೆಯಿಂದ ಸುದ್ದಿ ಬಂದಿತ್ತು. ಹುಲುಗಪ್ಪ ಎಂಬ ಆ ಡ್ರೈವರಿನ ಬಲಗಾಲನ್ನು ಮೊಣಕಾಲಿನಿಂದ ತೆಗೆದಿದ್ದರು. ಸಂಜೆ ಓಣಿಯೆಲ್ಲ ಹೊರಗಿತ್ತು, ಒಬ್ಬರಿಗೊಬ್ಬರು ಬನ್ನಿ ಎಲೆ ಕೊಟ್ಟು ಕೈ ಮುಗಿಯುತ್ತಿದ್ದರು. ವರ್ಷದ ಮುನಿಸೆಲ್ಲ ಮರೆಯುವ ದಿನ. ನೀವು ಪ್ರತಿವರ್ಷದಂತೆ ಬಿಳಿ ಅಂಗಿ ಹಾಕಿ, ಅಂಗೈ ತುಂಬ ಬನ್ನಿ ಹಿಡಿದು ಬಂದಿರಿ.

“ಮಲ್ಲಣ್ಣ, ಬನ್ನಿ ತಗೋ. ಬಂಗಾರದಂಗ ಇರೂಣು.”

ಇವರು ಕೈ ಚಾಚಲಿಲ್ಲ. “ಸರಪಳಿ ಎಲ್ಲೈತಿ?”

“ಯಾವ ಸರಪಳಿ?”

“ಒಬ್ಬನ ಕಾಲು ಹೋತು, ಯಾವ ಸರಪಳಿ ಅಂತಿ?”

ನೀವು ಬನ್ನಿ ಹಿಡಿದ ಕೈ ಇಳಿಸಿದಿರಿ. “ನನ್ನ ಕೈಯಾರ ಪೆಟಗ್ಯಾಗ ಇಟ್ಟೀನಿ ಮಲ್ಲಣ್ಣ. ಅಲ್ಲಾನ ಆಣಿ.”

“ಆಣಿ ಮಾಡಬ್ಯಾಡ. ಮರತೀ ಅಂದ್ರ ಮರತೀ ಅನ್ನು, ಮುಗೀತು.”

ಆಗ ನೀವು ಬಾಗಿಲ ಕಡೆ ತಿರುಗಿದಿರಿ. “ಅಕ್ಕಾ, ನಿಮ್ಮ ಮುಂದ ಇಟ್ಟೆನಲ್ಲ, ನೀವರ ಹೇಳ್ರಿ.”

ಓಣಿಯೆಲ್ಲ ನನ್ನನ್ನು ನೋಡಿತು. ಗೋಡೆಯ ಆಚೆ ಸರಪಳಿ ಹೂವು ಮುಡಿದು ಕೂತಿತ್ತು. ನಾನು ಸೆರಗು ಎಳೆದುಕೊಂಡು ಒಳಗೆ ಹೋದೆ. ನಾನು ಕೊಟ್ಟ ಉತ್ತರ ಅದು. ಜನ ಅದನ್ನು ಹೇಗೆ ಓದಬೇಕೋ ಹಾಗೇ ಓದಿದರು. ನೀವು ಬನ್ನಿಯನ್ನು ಕಟ್ಟೆಯ ಮೇಲೆ ಇಟ್ಟು ಹೋದಿರಿ. ಮತ್ತೆ ನಮ್ಮ ಮನೆಗೆ ಬರಲಿಲ್ಲ.

ಅಲ್ಲಿಂದ ನಿಮಗೆ ‘ಸರಪಳಿ ಹುಸೇನ’ ಎಂಬ ಹೆಸರು ಬಂತು. ಚಹಾದಂಗಡಿಯಲ್ಲಿ ನನ್ನ ಕಿವಿಯಾರೆ ಕೇಳಿದ್ದೇನೆ — “ಗಾಡಿ ಅಲ್ಲಿ ಬಿಟ್ಟೀ ಏನು? ಗಾಲಿ ನಾಕೂ ಅದಾವೇನು ಎಣಿಸ್ಕೊಳ್ಳಲೇ!” ಎಲ್ಲರೂ ನಕ್ಕರು. ಈಗ ನಿಮ್ಮ ಮಗ ಗ್ಯಾರೇಜು ನೋಡಿಕೊಳ್ಳುತ್ತಾನೆ; ಅವನನ್ನೂ ‘ಸರಪಳಿಯವರ ಹುಡುಗ’ ಎನ್ನುತ್ತಾರೆ. ಯಾಕೆ ಎಂದು ಹಾಗೆ ಕರೆಯುವವರಿಗೂ ಈಗ ಗೊತ್ತಿಲ್ಲ. ನನಗೆ ಗೊತ್ತಿದೆ.

ನಾನು ಆ ಸರಪಳಿಯನ್ನು ಅಕ್ಕಿ ಚೀಲದಲ್ಲಿ ಕಟ್ಟಿ ಅಟ್ಟಕ್ಕೇರಿಸಿದೆ. ಇವರು ಹೊಸದೊಂದನ್ನು ತಂದರು. ಆಮೇಲೆ ಪ್ರತಿ ಸಲ ಹೊರಡುವ ಮುಂಚೆ ತಾವೇ ಮುಚ್ಚಳ ತೆರೆದು ನೋಡುತ್ತಿದ್ದರು. ‘ಎಲ್ಲಾ ಐತಲ್ಲ’ ಎಂದು ನನ್ನನ್ನು ಮತ್ತೆಂದೂ ಕೇಳಲಿಲ್ಲ. ಅವರಿಗೆ ಗೊತ್ತಿತ್ತೋ, ಏನೋ — ಗೊತ್ತಿದ್ದೂ ನನಗಾಗಿ ನಿಮ್ಮನ್ನು ಕಳೆದುಕೊಂಡರೋ — ಕೇಳಲು ಅವರು ಈಗ ಇಲ್ಲ. ಕೊನೆಯ ದಿನಗಳಲ್ಲಿ ಒಂದೇ ಸಲ ಕೇಳಿದರು: “ಹುಸೇನ ಬಂದಿದ್ನೇನು?” ಇಲ್ಲ ಎಂದೆ. ಆ ಒಂದು ಸಲ ನಾನು ಹೇಳಿದ್ದು ನಿಜ.

ಅವರ ಮಣ್ಣಿಗೆ ನೀವು ಬಂದಿರಿ. ಹಿಂದೆ ನಿಂತು, ಎಲ್ಲರಾದ ಮೇಲೆ ಒಂದು ಹಿಡಿ ಮಣ್ಣು ಹಾಕಿದಿರಿ. ಹೋಗುವಾಗ ಅಂಗಳದಲ್ಲಿ ನಿಂತಿದ್ದ ಜೀಪಿನ ಬಂಪರನ್ನು ಮುಟ್ಟಿ ನನಗೆ ಹೇಳಿದಿರಿ: “ಬ್ಯಾಟರಿ ತಗಸಿ ಇಡ್ರಿ ಅಕ್ಕಾ. ಹಂಗ ನಿಂತ್ರ ಕೆಡತೈತಿ.” ನೀವು ಬೈದಿದ್ದರೆ ಇನ್ನಷ್ಟು ವರ್ಷ ಸುಮ್ಮನಿರುತ್ತಿದ್ದೆನೋ ಏನೋ.

ಹುಲುಗಪ್ಪ ಈಗ ಹಂಪಿ ಬಜಾರಿನಲ್ಲಿ ಕಾಯಿ, ಕರ್ಪೂರ ಮಾರುತ್ತಾನೆ. ನಾನು ವಿರೂಪಾಕ್ಷನ ಗುಡಿಗೆ ಹೋದಾಗಲೆಲ್ಲ ಅವನ ಹತ್ತಿರವೇ ಕಾಯಿ ಕೊಂಡು, ಅದನ್ನೇ ಪ್ರಾಯಶ್ಚಿತ್ತ ಎಂದುಕೊಂಡು ಬಂದವಳು. ಹೋದ ಸೋಮವಾರ ಅವನ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಅವನು ಕಾಯಿಯ ಜುಟ್ಟು ಬಿಡಿಸುತ್ತಲೇ ಕೇಳಿದ.

“ಹುಸೇನಣ್ಣಗ ಹೇಳೀರೇನು?”

“ಇನ್ನೂ ಇಲ್ಲಪ್ಪ.”

“ಮತ್ತ ನನ್ನ ಹತ್ರ ಯಾಕ ಬಂದ್ರಿ ಮೊದಲು? ನನ್ನ ಕಾಲು ಹೊಳ್ಳಿ ಬರಂಗಿಲ್ಲ. ಅವರ ಹೆಸರು ಬರತೈತಿ. ಅಲ್ಲಿಗೆ ಹೋಗ್ರಿ.” ನಾನು ಕಾಯಿಗೆ ಕೈ ಚಾಚಿದೆ. ಅವನು ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡ. “ಇವತ್ತ ನಿಮಗ ಕಾಯಿ ಮಾರಂಗಿಲ್ಲ.”

ಅವನು ಮಾಡಿದ್ದು ಸರಿ. ಬರಿಗೈಯಲ್ಲಿ ಗುಡಿಯ ಮುಂದೆ ನಿಂತು ಬಂದೆ.

ನಿನ್ನೆ ಅಟ್ಟದಿಂದ ಚೀಲ ಇಳಿಸಿದೆ. ಕೊಂಡಿಗಳು ತುಕ್ಕು ಹಿಡಿದಿವೆ; ಸಂದಿಯಲ್ಲಿ ಅಂದಿನ ಕುಂಕುಮ ಇನ್ನೂ ಇದೆ. ಕೊಕ್ಕೆಯ ಮೇಲಿನ ಬೆಸುಗೆ ಮಾತ್ರ ಒಂದು ಕೂದಲಷ್ಟೂ ಬಿಟ್ಟಿಲ್ಲ. ನೀವು ನೋಡಿದ ಕೂಡಲೇ ಗುರುತಿಸುತ್ತೀರಿ.

ಈ ನವಮಿಗೆ ಜೀಪಿನಿಂದ ಒಂದು ಮೊಳೆಯನ್ನೂ ಇಳಿಸುವುದಿಲ್ಲ. ಹಾರೆ, ಹಗ್ಗ, ನೀರು, ಹೊಸ ಸರಪಳಿ ಎಲ್ಲ ತಮ್ಮ ತಮ್ಮ ಜಾಗದಲ್ಲಿರುವಂತೆಯೇ, ಅದರ ಮುಖವನ್ನು ರಸ್ತೆಯ ಕಡೆಗೆ ಮಾಡಿ ನಿಲ್ಲಿಸಿ ಪೂಜೆ ಮಾಡುತ್ತೇನೆ. ಮರುದಿನ, ದಶಮಿಯ ಸಂಜೆ, ಓಣಿಯ ಜನ ಬನ್ನಿ ಹಿಡಿದು ಹೊರಗೆ ಬಂದಿರುವ ಹೊತ್ತಿಗೆ, ನಿಮ್ಮ ಗ್ಯಾರೇಜಿಗೆ ಬರುತ್ತೇನೆ. ಒಳಗೆ ಕರೆಯಬೇಡಿ, ಕುಂದ್ರಿ ಎನ್ನಬೇಡಿ. ರಸ್ತೆಯ ಮೇಲೇ, ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ. ಅಂದು ನೀವು ಕೇಳಿದ್ದಕ್ಕೆ ಉತ್ತರ: ಹೌದಣ್ಣ, ನನ್ನ ಮುಂದೆಯೇ ಇಟ್ಟಿರಿ, ನಾನು ನೋಡಿದೆ.

ಮೊದಲು ಸರಪಳಿ ಕೆಳಗಿಡುತ್ತೇನೆ. ಬನ್ನಿ ಆಮೇಲೆ — ನೀವು ಕೈ ಚಾಚಿದರೆ.