ಅಡ್ಡಾದಿಡ್ಡಿ ಕೀಲಿಮಣೆ

ಮೂವತ್ತೊಂದು ವರ್ಷ ಕಚೇರಿಯಲ್ಲಿ ಬೆರಳಚ್ಚುಗಾರ್ತಿಯಾಗಿದ್ದವಳಿಗೆ ಬಂಧುಬಳಗ ಇಟ್ಟ ಹೆಸರು ಟಕಟಕ ದೊಡ್ಡಮ್ಮ. ನಿವೃತ್ತಿಯಾದ ಮೇಲೆ ತನ್ನ ಕಥೆ ತಾನೇ ಬರೆಯಬೇಕೆಂಬ ಹುಚ್ಚು ಹತ್ತಿತು. ಮಗಳ ಹೊಸ ಲ್ಯಾಪ್‌ಟಾಪ್ ಮುಟ್ಟಿ ನೋಡಿ ಮೂಗು ಮುರಿದಳು. "ಗಾಜಿನ ಮೇಲೆ ಕುಟ್ಟಿದಂಗಿದೆ. ಒತ್ತಿದ್ದೇ ಗೊತ್ತಾಗಲ್ಲ." ಅವಳಿಗೆ ಬೇಕಿದ್ದುದು ಇಪ್ಪತ್ತೈದು ವರ್ಷ ಹಿಂದಿನ, ಇಟ್ಟಿಗೆಯಷ್ಟು ದಪ್ಪದ, ಒತ್ತಿದರೆ ಟಕ್ಕೆನ್ನುವ ಕರಿ ಲ್ಯಾಪ್‌ಟಾಪು. ಇಡಿಯಾಗಿ ಕೊಳ್ಳಲು ಕೈಗೆಟುಕುತ್ತಿರಲಿಲ್ಲ. ಬಿಡಿ ಭಾಗ ಹೆಕ್ಕಿ ಜೋಡಿಸುತ್ತೇನೆಂದು ಟೊಂಕ ಕಟ್ಟಿದಳು.

ಗುಜರಿ ಅಂಗಡಿಯವನು ಗಿರಾಕಿಯ ಕಣ್ಣು ನೋಡಿ ಬೆಲೆ ಹೇಳುವ ಆಸಾಮಿ. ಬೇಕಾದ ಪರದೆ ಎದುರಿಗೇ ಬಿದ್ದಿದ್ದರೂ ದೊಡ್ಡಮ್ಮ ಮುರುಕು ಫ್ಯಾನೊಂದನ್ನು ಅರ್ಧ ಗಂಟೆ ತಿರುಗಿಸಿ ನೋಡಿದಳು. ಹೊರಡುವಾಗ, "ಆ ಗಾಜಿನ ಹಲಗೆ ಕೊಡಪ್ಪ, ಮೊಮ್ಮಗಳ ಫೋಟೋಗೆ ಕಟ್ಟು ಹಾಕಿಸ್ತೀನಿ" ಎಂದಳು. ಹೀಗೆಯೇ ಮದರ್‌ಬೋರ್ಡು ಗೋಡೆಯ ಅಲಂಕಾರವೆಂದೂ ಹಾರ್ಡ್ ಡಿಸ್ಕು ಕಾಗದ ಹಾರದಂತೆ ಇಡುವ ಭಾರವೆಂದೂ ಮನೆ ಸೇರಿದವು. ನಾಲ್ಕನೆಯ ಸಲ ಕೀಲಿಮಣೆ ಕೇಳಿದಾಗ, ಇವಳು ತನ್ನ ಕಿವಿಗೆ ಹೂವಿಡುತ್ತಿದ್ದಾಳೆಂದು ಅವನಿಗೆ ಹೊಳೆಯಿತು. ಸದ್ದಿಲ್ಲದೆ ಒಳಗೆ ಹೋಗಿ, ಕೀಲಿಗಳ ಮೇಲಿನ ಅಕ್ಷರದ ಟೋಪಿಗಳನ್ನೆಲ್ಲ ಕಿತ್ತು, ಅಕ್ಷರಗಳನ್ನು ಅಡ್ಡಾದಿಡ್ಡಿ ಕೂರಿಸಿ, ಕಾಗದದಲ್ಲಿ ಸುತ್ತಿ ತಂದ.

"ಇದೂ ಗೋಡೆಗೇನಮ್ಮ?"

"ಅಲ್ಲಪ್ಪ, ಬೆನ್ನು ಕೆರ್ಕೊಳ್ಳೋಕೆ."

ಊಟದ ಮೇಜೇ ಕಾರ್ಖಾನೆಯಾಯಿತು. ಸಡಿಲಾದ ಮುಚ್ಚಳಕ್ಕೆ ಗಂಡನ ಹಳೆ ಕನ್ನಡಕದ ತಿರುಪು ಹಾಕಿದಳು. ಹದಿನೇಳನೆಯ ದಿನ ಗುಂಡಿ ಒತ್ತಿದಾಗ ಯಂತ್ರ ಮೊದಲು ಕೆಮ್ಮಿತು, ಆಮೇಲೆ ಬೆಳಗಿತು. ದೊಡ್ಡಮ್ಮ ಕಿಟಕಿಯಾಚೆ ನೋಡುತ್ತಲೇ ಒಂದು ಪುಟ ಬಡಿದಳು. ಒಂದಕ್ಷರವೂ ತಪ್ಪಿರಲಿಲ್ಲ. ಕೀಲಿ ನೋಡಿ ಹೊಡೆದು ಅವಳಿಗೆ ಅಭ್ಯಾಸವೇ ಇಲ್ಲ; ಜೋಡಿಸುವಾಗಲೂ ಕಣ್ಣೆಲ್ಲ ತಿರುಪುಗಳ ಮೇಲೇ ಇತ್ತು.

ಸಿಕ್ಕಿಬಿದ್ದವನು ಗಂಡ. ತನ್ನ ಬಗ್ಗೆ ಏನು ಬರೆದಿದ್ದಾಳೋ ಎಂದು ಅವನಿಗೆ ಕದ್ದು ಓದಿ ನೋಡುವ ಚಪಲ. ಅವಳು ತರಕಾರಿಗೆ ಹೋದ ಹೊತ್ತು ನೋಡಿ ಕೂತ. ಪಾಸ್‌ವರ್ಡ್ ಬೆಕ್ಕಿನ ಹೆಸರೆಂದು ಅವನಿಗೆ ಗೊತ್ತಿತ್ತು. ಒಂಬತ್ತು ಸಲ ಹೊಡೆದರೂ ಯಂತ್ರ ಒಪ್ಪಲಿಲ್ಲ.

"ಏನ್ರೀ ಮಾಡ್ತಿದ್ದೀರಾ?" ಹಿಂದಿನಿಂದ ದನಿ ಬಂತು.

ಅವನು ಕೀಲಿಮಣೆಯತ್ತ ಬೆರಳು ತೋರಿಸಿದ. "ಒಂದೊಂದೇ ಅಕ್ಷರ ನೋಡ್ಕೊಂಡೇ ಹೊಡೀತಿದ್ದೀನಿ ಕಣೇ. ಆದ್ರೂ ಆಗ್ತಿಲ್ಲ."

ಆಗ ಅವಳು ಮೊದಲ ಸಲ ಕೀಲಿಗಳತ್ತ ಕಣ್ಣು ಹಾಯಿಸಿದಳು. ಗುಜರಿಯವನ ಕಿತಾಪತಿ ತಿಳಿದು, ಚೀಲ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಗಂಡ ಸರಿಮಾಡಲು ಸ್ಕ್ರೂಡ್ರೈವರ್ ತಂದರೆ ಕಿತ್ತುಕೊಂಡಳು. "ಹಾಗೇ ಇರ್ಲಿ. ಬೀಗ ಹಾಕಿದ್ರೂ ಇಷ್ಟು ಭದ್ರ ಇರ್ತಿರಲಿಲ್ಲ."

ಮರುದಿನ ಅವನೇ ನಾಚಿಕೆ ಬಿಟ್ಟು ಕುರ್ಚಿ ಎಳೆದುಕೊಂಡು ಬಂದ. "ನೋಡ್ದೆ ಹೊಡೆಯೋದು ನಂಗೂ ಕಲಿಸು. ನಿನ್ನ ಬಗ್ಗೆ ನಾನೂ ಬರೀಬೇಕು."

ದೊಡ್ಡಮ್ಮ ಅವನ ಕೈಗಳ ಮೇಲೆ ಟವೆಲ್ ಹೊದಿಸಿ ಪಾಠ ಶುರು ಮಾಡಿದಳು. ಮೂರು ತಿಂಗಳಾದ ಮೇಲೆ ಅವನು ಮೊದಲ ಸಾಲು ಹೊಡೆದು ತೋರಿಸಿದ: ನನ್ನ ಹೆಂಡತಿ ಬಹಳ ಸಾಧು.

"ಎರಡು ತಪ್ಪಿದೆ" ಎಂದಳು.

"ಅಕ್ಷರದಲ್ಲೋ, ಅರ್ಥದಲ್ಲೋ?"