ಹಳೆಯ ಸರ್ವರ್ ಒಪ್ಪಲಿಲ್ಲ

ಕೇಳಿ ಗೆಳೆಯರೇ, ಇವತ್ತು ಬೆಳಿಗ್ಗೆ ಶಹಾಪುರದ ನಮ್ಮ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನಾನೇ ಹೇಳಿ ಕೊಳ್ಳಿಸಿದ್ದ ಹೊಸ ಸರ್ವರಿನ ಫ್ಯಾನ್ ಕೆಟ್ಟು ಅದು ಬಿಸಿಯೇರತೊಡಗಿತು. ಕೌಂಟರಿನ ಕೆಲಸವೆಲ್ಲ ನಡೆಯುವುದು ಅದರೊಳಗಿನ ಒಂದು ವರ್ಚುವಲ್ ಮಷಿನ್ನಿನಲ್ಲಿ, ಅಂದರೆ ಸಾಫ್ಟ್‌ವೇರಿನಿಂದಲೇ ಮಾಡಿದ ಕಂಪ್ಯೂಟರಿನಲ್ಲಿ. ಕಂಪ್ಯೂಟರ್ ನೋಡಿಕೊಳ್ಳುವ ನಾನು ಅದನ್ನು ನಿಲ್ಲಿಸದೆಯೇ ಹಳೆಯ ಸರ್ವರಿಗೆ ಸಾಗಿಸಲು ಹೋದೆ. ಹಳೆಯದು ಒಪ್ಪಲಿಲ್ಲ.

"ಎರಡೂ ಒಂದೇ ಕಂಪನಿವು ಅದಾವಲ್ರಿ?" ಎಂದರು ಲ್ಯಾಬಿನ ಮಾಲೀಕರಾದ ಡಾಕ್ಟರು.

"ಸರ್, ಆ ವರ್ಚುವಲ್ ಮಷಿನ್ ಹೊಸ ಪ್ರೊಸೆಸರಿನ ಕೆಲವು ಸೌಲಭ್ಯ ಬಳಸಾಕತ್ತದ. ಹಳೇದ್ರಾಗ ಅವು ಇಲ್ರಿ. ಒಮ್ಮಿ ಬಂದ್ ಮಾಡಿ, ಅವನ್ನ ಬಿಡಿಸಿ ಚಾಲೂ ಮಾಡಬೇಕು."

ಕೌಂಟರಿನ ಭೀಮಬಾಯಿ ಸಿಡಿದರು: "ಬಂದ್ ಮಾಡಿದ್ರ ಈ ಮಂದಿಗಿ ಯಾರು ಜವಾಬು ಕೊಡ್ತಾರ?"

ನಾನೇ ಹೋಗಿ ಸಾಲಿನಲ್ಲಿದ್ದ ಜನರಿಗೆ ಪ್ರೊಸೆಸರಿನ ಬಗ್ಗೆ ವಿವರಿಸತೊಡಗಿದೆ. ಸಗರ ಗ್ರಾಮದಿಂದ ಬಂದಿದ್ದ ಅಜ್ಜಿಯೊಬ್ಬರು ತಡೆದರು. "ತಮ್ಮಾ, ಮುಂಜಾನಿಂದ ಉಪಾಸ ಅದೀನಿ. ಅದು ಬಂದ್ ಆಗಲಿ, ಚಾಲೂ ಆಗಲಿ, ಮೊದಲ ರಗತ ತಗೊಂಡು ಬಿಡ್ರಿ."

ಹೌದಲ್ಲ ಎಂದು ಭೀಮಬಾಯಿ ಟ್ಯೂಬುಗಳ ಮೇಲೆ ಪೆನ್ನಿನಲ್ಲೇ ಹೆಸರು ಬರೆದರು. ಎಲ್ಲರ ರಕ್ತ ತೆಗೆಯುವಷ್ಟರಲ್ಲಿ ಹಳೆಯ ಸರ್ವರಿನಲ್ಲಿ ಕೆಲಸ ಶುರುವಾಗಿತ್ತು.

ಹೊರಡುವಾಗ ಅಜ್ಜಿ ಕೇಳಿದರು: "ಹಳೇದ್ರಾಗ ಛಲೋ ನಡದದೇನು?"

"ಭಾಳ ಛಲೋ ನಡದದ ಅಮ್ಮಾ," ಎಂದೆ ಹೆಮ್ಮೆಯಿಂದ.

"ಮತ್ತ ಹೊಸದ್ಯಾಕ ತಂದ್ರಿ?"

ಆಗಿನಿಂದ ಡಾಕ್ಟರು ನನ್ನ ಮುಖವನ್ನೇ ನೋಡುತ್ತಿದ್ದಾರೆ.