ಹಾಯಿ ಎಲ್ಲಿ ಹೊಲಿಸುತ್ತಿದ್ದರು?

ಕಳೆದ ವಾರ ಡಬ್ಲಿನ್‌ನ ಬ್ಲಾಂಚರ್ಡ್ಸ್‌ಟೌನಿನ ಚಪ್ಪಲಿ ರಿಪೇರಿ ಅಂಗಡಿಗೆ ಬ್ಯಾಗಿನ ಪಟ್ಟಿ ಹೊಲಿಸಲು ಹೋಗಿದ್ದೆ. ಅಂಗಡಿಯವನು ದಪ್ಪ ದಾರವನ್ನು ಜೇನುಮೇಣದ ಉಂಡೆಯ ಮೇಲೆ ಎಳೆದ. ಆ ವಾಸನೆ ಬಂದದ್ದೇ ತಡ, ಕಾರ್ಕ್ ಊರಿನ ಒಂದು ಅಡುಗೆಮನೆ ನೆನಪಾಯಿತು...

ಅದು ನನ್ನ ಮನೆ ಒಡತಿಯ ಅಡುಗೆಮನೆ. ಇತಿಹಾಸದಲ್ಲಿ ಎಂ.ಎ. ಮಾಡಲು ದಾವಣಗೆರೆಯಿಂದ ಬಂದ ನಾನು ಒಂದು ವರ್ಷ ಅವರ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಎಪ್ಪತ್ತು ದಾಟಿದ ಒಂಟಿ ಹೆಂಗಸು. ಆಯುಷ್ಯವೆಲ್ಲ ಬಂದರಿನ ಪಕ್ಕದ ಶೆಡ್ಡಿನಲ್ಲಿ ದೋಣಿಗಳಿಗೆ ಹಾಯಿ ಹೊಲಿದವರು. ಕೆಲಸ ಬಿಟ್ಟ ಮೇಲೂ ಯಾರಾದರೂ ಹರಿದ ಹಾಯಿ ತಂದುಕೊಟ್ಟರೆ ಊಟದ ಮೇಜಿನ ತುಂಬ ಹರಡಿಕೊಂಡು, ದಾರಕ್ಕೆ ಜೇನುಮೇಣ ಹಚ್ಚುತ್ತ ಕೂರುತ್ತಿದ್ದರು. ಆ ದಿನಗಳಲ್ಲಿ ನಾನು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಅನ್ನ ಸಾರು ಉಣ್ಣುತ್ತಿದ್ದೆ.

ಹದಿನೆಂಟನೇ ಶತಮಾನದಲ್ಲಿ ಕೋರಮಂಡಲ ತೀರಕ್ಕಾಗಿ ಕಾದಾಡಿದ ಬ್ರಿಟಿಷ್ ಮತ್ತು ಫ್ರೆಂಚ್ ನೌಕಾಪಡೆಗಳಲ್ಲಿ ಯಾರ ಬಲ ಹೆಚ್ಚು ಎನ್ನುವುದು ನನ್ನ ಪ್ರಬಂಧದ ವಿಷಯ. ನನಗೋ, ಸಮುದ್ರವೆಂದರೆ ಶಾಲೆಯ ಪ್ರವಾಸದಲ್ಲಿ ಒಮ್ಮೆ ಕಾಲು ನೆನೆಸಿಕೊಂಡದ್ದಷ್ಟೇ. ಹಡಗೆಷ್ಟು, ಫಿರಂಗಿ ಎಷ್ಟು, ನಾವಿಕರೆಷ್ಟು ಎಂದು ಕೋಷ್ಟಕ ಮಾಡಿ ಕೊಟ್ಟೆ. ಪ್ರೊಫೆಸರ್ ಅದನ್ನು ಹಿಂದಿರುಗಿಸಿ, "ಇದು ಪಟ್ಟಿ, ಪ್ರಬಂಧವಲ್ಲ" ಎಂದರು. ಉಳಿದದ್ದು ಆರು ವಾರ. ಪಾಸಾಗದಿದ್ದರೆ ವೀಸಾ ಮುಗಿದು ಊರಿಗೆ ವಾಪಸ್.

ಅಂದು ಸಂಜೆ ಅಮ್ಮ ಫೋನ್ ಮಾಡಿ, "ಹೆಂಗಿದೀಯೇ?" ಎಂದಳು. "ಗ್ರ್ಯಾಂಡಾಗಿದೀನಮ್ಮ," ಎಂದು, ಇಲ್ಲಿನವರು ಚೆನ್ನಾಗಿದೀನಿ ಎನ್ನುವ ಹಾಗೆ ಹೇಳಿ ಫೋನಿಟ್ಟೆ.

ಎದುರಿಗೆ ಹೊಲಿಯುತ್ತಿದ್ದ ಒಡತಿ ಸೂಜಿ ಕೆಳಗಿಟ್ಟರು. "ಇಷ್ಟು ಹೊತ್ತು ನೀನಾಡಿದ್ರಲ್ಲಿ ನಂಗೆ ತಿಳಿದದ್ದು ಗ್ರ್ಯಾಂಡ್ ಒಂದೇ. ಅದೂ ಸುಳ್ಳು. ಏನಾಯ್ತು ಹೇಳು."

ಅತ್ತುಬಿಟ್ಟೆ. ಕೋಷ್ಟಕ ತಂದು ತೋರಿಸಿದೆ. ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಬೆರಳಾಡಿಸಿ ನೋಡಿದರು.

"ಸರಿ, ಇವ್ರು ಹಾಯಿ ಎಲ್ಲಿ ಹೊಲಿಸ್ತಿದ್ರು?"

ನನ್ನ ಕೋಷ್ಟಕದಲ್ಲಿ ಅಂಥ ಸಾಲೇ ಇರಲಿಲ್ಲ.

"ಬಿರುಗಾಳಿಗೆ ಹಾಯಿ ಹರಿಯುತ್ತೆ, ಕಂಬ ಮುರಿಯುತ್ತೆ, ತಳದ ಮರಕ್ಕೆ ಹುಳು ಬೀಳುತ್ತೆ. ರಿಪೇರಿಗೆ ಎಲ್ಲಿಗೆ ಹೋಗ್ತಿದ್ರು ನೋಡು. ಸರಿಮಾಡ್ಕೊಂಡು ಯಾರು ಬೇಗ ವಾಪಸ್ ಬರ್ತಾರೋ ಅವ್ರದ್ದೇ ಬಲ."

ಮರುದಿನವೇ ಲೈಬ್ರರಿಗೆ ಓಡಿದೆ. ಹಿಂಗಾರಿನ ಬಿರುಗಾಳಿಗೆ ಆ ತೀರದಲ್ಲಿ ಯಾವ ಹಡಗೂ ನಿಲ್ಲುವಂತಿರಲಿಲ್ಲ. ಬ್ರಿಟಿಷರಿಗೆ ಮುಂಬಯಿಯ ಹಡಗುಕಟ್ಟೆಯಿತ್ತು. ಫ್ರೆಂಚರು ರಿಪೇರಿಗೆ ದೂರದ ಮಾರಿಷಸ್‌ವರೆಗೆ ಹೋಗಬೇಕಿತ್ತು, ಅಲ್ಲಿಗೆ ಹಗ್ಗ, ಮರ ಕೂಡ ಹೊರಗಿನಿಂದ ಬರಬೇಕಿತ್ತು. ನನ್ನ ಕೋಷ್ಟಕದಲ್ಲಿ ಸರಿಸಮವಾಗಿದ್ದ ಎರಡು ಪಡೆಗಳು ಈಗ ಸಮವಾಗಿರಲಿಲ್ಲ.

ಅಷ್ಟಕ್ಕೇ ಒಡತಿ ನನ್ನನ್ನು ಬಿಡಲಿಲ್ಲ. ಸೂಜಿ ಒತ್ತಲು ಅಂಗೈಗೆ ಚರ್ಮದ ಪಟ್ಟಿ ಕಟ್ಟಿ, ಕ್ಯಾನ್ವಾಸ್ ಬಟ್ಟೆ ಕೊಟ್ಟು ಹೊಲಿಯಲು ಕೂರಿಸಿದರು. ಬೆರಳೆಲ್ಲ ಚುಚ್ಚಿಕೊಂಡು ಸಂಜೆಯಿಡೀ ಹೊಲಿದದ್ದು ಒಂದು ಮೊಳ. "ಈಗ ಬರಿ, ಒಂದು ಹಡಗಿನ ಹಾಯಿಗೆ ಎಷ್ಟು ದಿನ ಬೇಕು ಅಂತ," ಎಂದು ನಕ್ಕರು.

ಒಳ್ಳೆಯ ದರ್ಜೆಯಲ್ಲೇ ಪಾಸಾದೆ. ಕೃತಜ್ಞತೆಯ ಪುಟದಲ್ಲಿ ಪ್ರೊಫೆಸರ್, ಲೈಬ್ರರಿಯವರು, ಅಪ್ಪ ಅಮ್ಮ ಎಲ್ಲರೂ ಇದ್ದರು. ಒಡತಿ ಇರಲಿಲ್ಲ. ಹಾಯಿ ಹೊಲಿಯುವವರಿಂದ ಕಲಿತೆ ಎಂದರೆ ಪರೀಕ್ಷಕರು ನಕ್ಕಾರೆಂದು ಹೆದರಿದ್ದೆ. ಒಡತಿ ನಾಲ್ಕು ದಿನ ಕೂತು, ಕೃತಜ್ಞತೆಯ ಪುಟವೂ ಸೇರಿ, ಮೊದಲ ಪುಟದಿಂದ ಕೊನೆಯವರೆಗೂ ಓದಿದರು. "ಹಾಯಿ ಭಾಗ ಸರಿಯಾಗಿದೆ," ಎಂದು ಹಿಂದಿರುಗಿಸಿದರು.

ನಾನು ಕೆಲಸ ಸಿಕ್ಕಿ ಡಬ್ಲಿನ್‌ಗೆ ಬಂದೆ. ಕ್ರಿಸ್ಮಸ್ಸಿಗೊಂದು ಫೋನ್, ಆಮೇಲೆ ಒಂದು ಮೆಸೇಜು, ಆಮೇಲೆ ಅದೂ ಇಲ್ಲ. ಈ ವರ್ಷ ವಸಂತದಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಬಸ್ ಹಿಡಿದು ಕಾರ್ಕ್‌ಗೆ ಹೋದೆ. ಇಲ್ಲಿನ ರೂಢಿಯಂತೆ ಸಾಲಿನಲ್ಲಿ ನಿಂತು ಮನೆಯವರ ಕೈಕುಲುಕಬೇಕು. ಅವರ ತಮ್ಮ ನನ್ನ ಕೈ ಹಿಡಿದು, "ನಿಂಗೆ ನಮ್ಮಕ್ಕ ಹೇಗೆ ಪರಿಚಯ?" ಎಂದು ಕೇಳಿದರು.

ಬಾಡಿಗೆಗಿದ್ದೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. "ಅವ್ರು ನನ್ನ ಟೀಚರ್," ಎಂದೆ.

"ನಮ್ಮಕ್ಕನಾ? ಅವ್ಳು ಹದಿನಾಲ್ಕಕ್ಕೇ ಸ್ಕೂಲ್ ಬಿಟ್ಟವ್ಳು!"

"ಹೌದು. ಅವ್ರೇ."

ಆತ ಕೈ ಬಿಡಲಿಲ್ಲ. ಪಕ್ಕದಲ್ಲಿದ್ದ ಹೆಂಡತಿಯನ್ನು ಕರೆದು, "ಈ ಹುಡುಗಿ ಏನ್ ಹೇಳ್ತಿದಾಳೆ ಕೇಳು," ಎಂದರು. ಹಿಂದೆ ಜನ ಕಾಯುತ್ತಿದ್ದರು. ನಾನು ಮೊದಲಿಂದ ಎಲ್ಲವನ್ನೂ ಹೇಳಿದೆ. ಎಲ್ಲರೂ ಕೇಳಿದರು, ಕೇಳಬೇಕಾಗಿದ್ದ ಒಬ್ಬರನ್ನು ಬಿಟ್ಟು.